ಗುಂಡಿ ಡಬ್ಬಿಯ ಚನ್ನಕ್ಕ

ಬೆಳಗಿನ ಐದೂಕಾಲು ಗಂಟೆ. ಮೆಲ್ಬರ್ನ್‌ನ ಉತ್ತರದಂಚಿನ ಕ್ರೇಗಿಬರ್ನ್‌ನಲ್ಲಿ ಒಂದು ಗ್ಯಾರೇಜಿನ ಬಾಗಿಲು ಗರಗರ ಎನ್ನುತ್ತ ಮೇಲೇಳುತ್ತದೆ. ಡಿಸೆಂಬರ್ ತಿಂಗಳು, ಮೂಡಣ ಆಗಲೇ ಬೆಳ್ಳಗಾಗತೊಡಗಿದೆ; ಗಾಳಿಗೆ ಮಾತ್ರ ಬೇಸಿಗೆ ಬಂದ ಸುದ್ದಿ ಇನ್ನೂ ಮುಟ್ಟಿಲ್ಲ. ಒಳಗೆ ಕಾರು ನಿಲ್ಲಬೇಕಾದಲ್ಲಿ ಹದಿನಾಲ್ಕು ಕುರ್ಚಿಗಳಿವೆ. ಒಂದಕ್ಕೆ ಇನ್ನೊಂದು ಜೋಡಿಯಲ್ಲ. ಊರಿನವರು ಬೇಡವೆಂದು ರಸ್ತೆ ಬದಿಗಿಟ್ಟಿದ್ದನ್ನು ಹೊತ್ತು ತಂದು, ಮುರಿದ ಕಾಲಿಗೆ ಮೊಳೆ ಹೊಡೆದು ನಿಲ್ಲಿಸಿದ್ದು ಮನೆಯ ಯಜಮಾನ ಈರಯ್ಯ.

ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ ಏರಿಸಿಕೊಂಡ ಅವರ ಹೆಂಡತಿ, ಅರವತ್ತಮೂರರ ಚನ್ನಕ್ಕ, ಮೇಜಿನ ಮೇಲೆ ಎರಡೇ ವಸ್ತು ಇಡುತ್ತಾರೆ. ಒಂದು ಮೊಬೈಲು, ಇನ್ನೊಂದು ಅಂಗಿಯ ಗುಂಡಿಗಳು ತುಂಬಿದ ಸ್ಟೀಲ್ ಡಬ್ಬಿ. ಅದರ ಪಕ್ಕದಲ್ಲಿ ಖಾಲಿ ಡಬ್ಬಿಯೊಂದಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದು ನೀವು ಅಂದುಕೊಂಡರೆ ಮೋಸಹೋಗುತ್ತೀರಿ. ಇಡೀ ಪಾಠಶಾಲೆ ನಡೆಯುವುದೇ ಆ ಖಾಲಿ ಡಬ್ಬಿಯ ಮೇಲೆ.

ಐದೂವರೆಗೆ ಎಲ್ಲರೂ ಕೂತಾಗಿದೆ. ಪಂಜಾಬಿನ ಹರಭಜನ್ ಕೌರ್, ಇರಾಕಿನ ನಾದಿಯಾ, ಹುಬ್ಬಳ್ಳಿ-ಧಾರವಾಡದ ಕಡೆಯ ನಾಲ್ಕೈದು ಅಜ್ಜ-ಅಜ್ಜಿಯರು. ಎಲ್ಲರೂ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದವರು. ಏಳಕ್ಕೆ ಮಕ್ಕಳು ಎದ್ದರೆ ಆಮೇಲೆ ಇವರ ದಿನ ಇವರದಲ್ಲ, ಅದಕ್ಕೇ ತರಗತಿ ಈ ಹೊತ್ತಿಗೆ. ಸಿಡ್ನಿಯಿಂದ ಆರು ಮಂದಿ ವಿಡಿಯೊದಲ್ಲಿ ಸೇರುತ್ತಾರೆ. ಶುಲ್ಕವಿಲ್ಲ, ಚಹಾಕ್ಕೆ ಲೋಟ ಮಾತ್ರ ಅವರವರೇ ತರಬೇಕು.

ಚನ್ನಕ್ಕ ಮೊಬೈಲಿನಲ್ಲಿ ಒಂದು ಧ್ವನಿಮುದ್ರಣ ಹಚ್ಚುತ್ತಾರೆ. ಸೊಸೆ ಮಾಧುರಿ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಇಲ್ಲಿನವರು ಮಾತಾಡುವ ವೇಗದಲ್ಲೇ, ಅರ್ಧ ಅಕ್ಷರ ನುಂಗಿಕೊಂಡೇ, ಪ್ರಶ್ನೆಗಳನ್ನು ಹೇಳಿ ಮುದ್ರಿಸಿಕೊಟ್ಟಿದ್ದಾಳೆ. ಪ್ರಶ್ನೆ ಸರ್ರನೆ ಬಂದು ಹೋಗುತ್ತದೆ. ಹರಭಜನ್ ಕೌರ್ ನಗುತ್ತ ತಲೆಯಾಡಿಸುತ್ತಾರೆ, "ಯೆಸ್, ಯೆಸ್."

"ವಾಟ್ ಅಲರ್ಜಿ?" ಎಂದು ಚನ್ನಕ್ಕ ಕೇಳುತ್ತಾರೆ.

ಹರಭಜನ್ ಕೌರ್ ಪಕ್ಕದವರ ಮುಖ ನೋಡುತ್ತಾರೆ. ಯಾವುದಾದರೂ ಔಷಧಿ ಮೈಗೆ ಆಗಿಬರುವುದಿಲ್ಲವೇ ಎಂದು ಕೇಳಿದ್ದೆಂಬುದು ಅವರಿಗೆ ಗೊತ್ತೇ ಆಗಿಲ್ಲ. ತಾವೇ ಎದ್ದು ಬಂದು ತುಂಬಿದ ಡಬ್ಬಿಯಿಂದ ಒಂದು ಗುಂಡಿ ತೆಗೆದು ಖಾಲಿ ಡಬ್ಬಿಗೆ ಹಾಕುತ್ತಾರೆ. ಠಣ್ ಎನ್ನುತ್ತದೆ, ಎಲ್ಲರೂ ನಗುತ್ತಾರೆ. ಅರ್ಥವಾಗದೆ 'ಯೆಸ್' ಅಂದವರೆಲ್ಲ ಒಂದೊಂದು ಗುಂಡಿ ಹಾಕಬೇಕು. ಹೊಸದಾಗಿ ಬಂದವರು ಮೊದಲ ವಾರ ದಿನಕ್ಕೆ ಇಪ್ಪತ್ತಾದರೂ ಹಾಕುತ್ತಾರಂತೆ, ಮೂರು ತಿಂಗಳಿಗೆ ಅದು ಎರಡಕ್ಕೋ ಮೂರಕ್ಕೋ ಇಳಿಯುತ್ತದೆ. ಮೊದಲು ಚನ್ನಕ್ಕ ಇದಕ್ಕಾಗಿ ಊರಿಂದ ಹುಣಸೆ ಬೀಜ ತಂದಿದ್ದರು. ವಿಮಾನ ನಿಲ್ದಾಣದ ತಪಾಸಣೆಯವರು ಅವನ್ನು ಮುಲಾಜಿಲ್ಲದೆ ಕಸಕ್ಕೆ ಹಾಕಿದರು. ಹುಬ್ಬಳ್ಳಿಯಲ್ಲಿ ಮೂವತ್ತೈದು ವರ್ಷ ಬಟ್ಟೆ ಹೊಲಿದ ಈರಯ್ಯನವರ ಗುಂಡಿಗಳು ಆಗ ಕೆಲಸಕ್ಕೆ ಬಂದವು.

ಪಠ್ಯಪುಸ್ತಕವಿಲ್ಲ, ವ್ಯಾಕರಣವಿಲ್ಲ. ಮೊದಲ ತಿಂಗಳು ಕಲಿಸುವುದು ಮೂರೇ ಮಾತು. ನನಗೆ ತಿಳಿಯಲಿಲ್ಲ. ಇನ್ನೊಮ್ಮೆ, ನಿಧಾನವಾಗಿ ಹೇಳಿ. ನನ್ನ ಭಾಷೆಯ ಇಂಟರ್‌ಪ್ರಿಟರ್, ಅಂದರೆ ದುಭಾಷಿ, ಬೇಕು. ಇಂಗ್ಲಿಷ್ ಕಲಿಸುವವರು ಮೊದಲ ಪಾಠದಲ್ಲೇ ತಾಯ್ನುಡಿಯನ್ನು ಕೇಳಿ ಪಡೆಯುವುದನ್ನು ಕಲಿಸುವುದು ಇನ್ನೆಲ್ಲಾದರೂ ಇದೆಯೋ ಇಲ್ಲವೋ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಹೆಣ್ಣುಮಗಳಿಗೆ ಇದು ಹೊಳೆದದ್ದು ಹೇಗೆ ಎಂದು ಬೆರಗಾಗುತ್ತದೆ.

ಹೊಳೆದದ್ದಲ್ಲ, ಬೆಲೆ ತೆತ್ತು ಕಲಿತದ್ದು. ಒಂಬತ್ತು ವರ್ಷದ ಹಿಂದೆ ಈರಯ್ಯನವರಿಗೆ ಹರ್ನಿಯಾ ಆಪರೇಷನ್. ರಾತ್ರಿ ಹನ್ನೆರಡರ ಮೇಲೆ ಏನೂ ತಿನ್ನಬಾರದೆಂದು ಮಗ ವೀರೇಂದ್ರ ಎರಡೆರಡು ಸಲ ಹೇಳಿದ್ದ. ಚನ್ನಕ್ಕ ಅಡುಗೆಮನೆಯ ಕಡೆ ಹಾಯಲಿಲ್ಲ. ಆದರೆ ಹೊಸ್ತಿಲು ದಾಟುವಾಗ ಕೈಗೆ ಮೊಸರು ಹಾಕಿ ಕಳಿಸುವುದು ಅವರ ತವರಿನ ಪದ್ಧತಿ. ಪರೀಕ್ಷೆಗಾಗಲಿ, ಪ್ರಯಾಣಕ್ಕಾಗಲಿ, ಮೊಸರಿಲ್ಲದೆ ಆ ಮನೆಯಿಂದ ಯಾರೂ ಹೊರಗೆ ಕಾಲಿಟ್ಟವರಲ್ಲ.

"ದೊಡ್ಡ ಕೆಲಸಕ್ಕ ಹೊಂಟಾರ, ಒಂದ ಚಮಚ ಯಾಕ ಅಂತ ಒಂದು ಬಟ್ಟಲ ತುಂಬ ಕೊಟ್ನಿರಿ, ಸಕ್ರಿ ಹಾಕಿ," ಎನ್ನುತ್ತಾರೆ ಚನ್ನಕ್ಕ. "ಅದು ಊಟ ಅಂತ ನನಗ ಅನಿಸೇ ಇಲ್ಲ. ಅದು ಶಕುನರಿ. ಶಕುನಕ್ಕ ಯಾರರ ಊಟ ಅಂತಾರೇನು?"

ವೀರೇಂದ್ರ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ. ಒಳಗೆ ನರ್ಸ್ ಕೇಳಿದ ಪ್ರಶ್ನೆಗಳಿಗೆಲ್ಲ, ಹೊಟ್ಟೆ ಖಾಲಿಯಿದೆಯೇ ಎಂಬುದಕ್ಕೂ, ಗಂಡ-ಹೆಂಡತಿ ಇಬ್ಬರೂ ಕೈಕಟ್ಟಿ ನಿಂತು 'ಯೆಸ್, ಯೆಸ್' ಅಂದರು. ದೊಡ್ಡವರು ಕೇಳಿದಾಗ ಹೂಂ ಅನ್ನುವುದು ಮರ್ಯಾದೆ ಎಂದು ಬೆಳೆದವರು. ಇಂಟರ್‌ಪ್ರಿಟರ್ ಬೇಕೇ ಎಂದೂ ಆಕೆ ಕೇಳಿದ್ದಳು. ಆ ಪದವೊಂದು ಗೊತ್ತಿತ್ತು; ಅವರಿಗೇಕೆ ತೊಂದರೆ ಎಂದು ಅದೊಂದಕ್ಕೆ ಮಾತ್ರ 'ನೋ, ನೋ' ಅಂದರು. ಅರಿವಳಿಕೆ ಕೊಟ್ಟಮೇಲೆ ಹೊಟ್ಟೆಯಲ್ಲಿದ್ದ ಮೊಸರು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಿತು. ಈರಯ್ಯ ಹನ್ನೊಂದು ದಿನ ಐಸಿಯುದಲ್ಲಿದ್ದರು. ಬದುಕಿ ಬಂದರು, ಆದರೆ ಇವತ್ತಿಗೂ ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳಬೇಕು.

ಚನ್ನಕ್ಕ ಆಮೇಲೆ ಯಾರನ್ನೂ ದೂರಲಿಲ್ಲ. ಇಲ್ಲೇ ಕಾಯಂ ನೆಲೆಸುವ ಪರವಾನಗಿ, ಪಿಆರ್, ಸಿಕ್ಕಿತ್ತು; ಸರ್ಕಾರದ ಉಚಿತ ಇಂಗ್ಲಿಷ್ ತರಗತಿಗೆ ಹೋಗಿ ಹದಿನೆಂಟರ ಹುಡುಗಿಯರ ಪಕ್ಕ ಕೂತರು. ಎರಡು ವರ್ಷದ ಮೇಲೆ ಪಕ್ಕದ ಮನೆಯ ನಾದಿಯಾ, ಕೈಯಲ್ಲಿ ಆಸ್ಪತ್ರೆಯ ಕಾಗದ ಹಿಡಿದು ಬಾಗಿಲಿಗೆ ಬಂದರು. ಒಬ್ಬರಿಗೆ ಅರಬ್ಬಿ ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು. ಆದರೂ ಒಂದು ತಾಸಿನಲ್ಲಿ ನಾದಿಯಾ 'ತಿಳಿಯಲಿಲ್ಲ' ಅನ್ನುವುದನ್ನು ಕಲಿತುಕೊಂಡು ಮನೆಗೆ ಹೋದರು. ಗ್ಯಾರೇಜಿನ ಶಾಲೆ ಶುರುವಾದದ್ದು ಹಾಗೆ.

ಈವರೆಗೆ ಕಲಿತು ಹೋದವರು ಇನ್ನೂರ ಹನ್ನೆರಡು ಮಂದಿ, ಮಾಧುರಿ ಹೆಸರು ಬರೆದಿಟ್ಟಿದ್ದಾಳೆ. ವಾರಕ್ಕೆ ನಾಲ್ಕು ಬೆಳಗು ಇಲ್ಲಿ ಪಾಠ. ಬುಧವಾರ ಮಾತ್ರ ಒಂದೂವರೆ ತಾಸು ರೈಲಿನಲ್ಲಿ ಕೂತು, ಸಿಟಿಯಲ್ಲಿ ಗಾಡಿ ಬದಲಿಸಿ, ಬಾಕ್ಸ್ ಹಿಲ್‌ನ ಲೈಬ್ರರಿಗೆ ಹೋಗಿ ಹನ್ನೊಂದು ಚೀನೀ ಅಜ್ಜ-ಅಜ್ಜಿಯರಿಗೆ ಇದೇ ಮೂರು ಮಾತು ಕಲಿಸುತ್ತಾರೆ. "ಅವ್ರೂ ನಮ್ಮಂಗರಿ. ದೊಡ್ಡವ್ರ ಮುಂದ ಹೂಂ ಅನ್ನೂದು ಬಿಟ್ರ ಬ್ಯಾರೇ ಗೊತ್ತಿಲ್ಲ," ಎಂದು ನಗುತ್ತಾರೆ. ಉಳಿದ ದಿನ ಒಂಬತ್ತೂವರೆಯಿಂದ ಒಂದೂವರೆಯವರೆಗೆ ಶಿಶುವಿಹಾರದ ಅಡುಗೆಮನೆಯಲ್ಲಿ ಹಣ್ಣು ಹೆಚ್ಚುವ ನೌಕರಿ. ಇಷ್ಟರ ನಡುವೆ ಈ ಹೆಂಗಸು ದಣಿಯುವುದು ಯಾವಾಗ ಎಂದು ಕೇಳಿದರೆ ಈರಯ್ಯ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅದನ್ನ ಕಾಣಬೇಕಂತ ನಾನೂ ನಲವತ್ತ ವರ್ಷದಿಂದ ಕಾಯಕತ್ತೀನಿ," ಎನ್ನುತ್ತಾರೆ.

ಇಷ್ಟೆಲ್ಲ ಮಾಡಿದರೂ ಮೊಸರಿನ ಸಂಗತಿಯನ್ನು ಅವರು ತರಗತಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾಚಿಕೆ. ಅದನ್ನು ಹೇಳುವಂತೆ ಮಾಡಿದವರು ಸಿಡ್ನಿಯ ಸಿದ್ದಲಿಂಗಪ್ಪ.

ಬೆಳಗಾವಿ ಕಡೆಯ ಸಿದ್ದಲಿಂಗಪ್ಪ ನಿವೃತ್ತ ಹೆಡ್‌ಮಾಸ್ತರು. ಮ್ಯಾಕ್ವೆರಿ ಪಾರ್ಕ್‌ನಲ್ಲಿ ಕೆಲಸ ಮಾಡುವ ಮಗ ಅಭಿನಂದನ್ ಜೊತೆ ಇದ್ದಾರೆ. ವಿಡಿಯೊ ತರಗತಿಯಲ್ಲಿ ಅವರಷ್ಟು ಗುಂಡಿ ಹಾಕಿದವರಿಲ್ಲ. ಸಿಡ್ನಿಯವರು ತಂತಮ್ಮ ಮನೆಯಲ್ಲೇ ಡಬ್ಬಿ ಇಟ್ಟುಕೊಳ್ಳಬೇಕು. ಮಾಸ್ತರರ ಕಾಫಿ ಡಬ್ಬಿ ಎರಡು ತಿಂಗಳಿಗೇ ತುಂಬಿದೆ. ಇಂಗ್ಲಿಷ್ ಓದಲು ಬರೆಯಲು ಅವರಿಗೆ ಚೆನ್ನಾಗಿಯೇ ಬರುತ್ತದೆ. ಬಾರದ್ದು ಒಂದೇ ವಾಕ್ಯ. ಶುಕ್ರವಾರ ಅವರಿಗೆ ಪಿತ್ತಕೋಶದ ಆಪರೇಷನ್, ಇವತ್ತು ಗುರುವಾರ.

"ಮಾಸ್ತರ, ಹೇಳ್ರಿ. ಐ ಡೋಂಟ್ ಅಂಡರ್‌ಸ್ಟ್ಯಾಂಡ್."

ಪರದೆಯ ಮೇಲೆ ಸಿದ್ದಲಿಂಗಪ್ಪ ಕನ್ನಡಕ ತೆಗೆದು ಒರೆಸುತ್ತಾರೆ. "ಚನ್ನಕ್ಕಾರ, ಮೂವತ್ತೆಂಟು ವರ್ಷ ಮಂದಿ ಮಕ್ಕಳಿಗೆ 'ತಿಳೀತೇನು' ಅಂತ ಕೇಳಿದವ ನಾನು. ನನಗ ತಿಳೀಲಿಲ್ಲ ಅಂತ ಹೆಂಗ ಹೇಳ್ಲಿ? ಮಗ ಇರ್ತಾನಲ್ರಿ, ನೋಡ್ಕೋತಾನ."

"ಮಗ ಹೊರಗ ಇರ್ತಾನ್ರಿ. ಒಳಗ ನೀವು ಒಬ್ಬರ ಇರ್ತೀರಿ," ಎನ್ನುತ್ತಾರೆ ಚನ್ನಕ್ಕ. ಚನ್ನಕ್ಕ ಕುರ್ಚಿ ಎಳೆದುಕೊಂಡು ಕೂತು, ಒಂಬತ್ತು ವರ್ಷ ಬಾಯಿಬಿಡದ ಮೊಸರಿನ ಕತೆಯನ್ನು ಹೇಳತೊಡಗುತ್ತಾರೆ. ಒಂದಿಷ್ಟು ಕನ್ನಡ, ಒಂದಿಷ್ಟು ಹಿಂದಿ, ನಾದಿಯಾಗಾಗಿ ಇಂಗ್ಲಿಷ್. ಹನ್ನೊಂದು ದಿನ ಅನ್ನುವಾಗ ಕೈಬೆರಳು ತೋರಿಸಲು ಹೋಗಿ ಒಂದು ಕಡಿಮೆ ಬಿದ್ದಾಗ, ಹಿಂದೆ ನಿಂತಿದ್ದ ಈರಯ್ಯ ತಮ್ಮದೊಂದು ಬೆರಳು ಸೇರಿಸುತ್ತಾರೆ. ಸಿಡ್ನಿಯವರಿಗೆಲ್ಲ ಚನ್ನಕ್ಕ ಹಿಂದೆಯೇ ಅಂಚೆಯಲ್ಲಿ ಒಂದೊಂದು ಕೋಟಿನ ದೊಡ್ಡ ಗುಂಡಿ ಕಳಿಸಿದ್ದಾರೆ, ಆಸ್ಪತ್ರೆಗೋ ಆಫೀಸಿಗೋ ಹೋಗುವಾಗ ಜೇಬಿನಲ್ಲಿರಲಿ ಎಂದು. ಅದನ್ನು ಮರೆಯಬೇಡಿ ಎಂದಷ್ಟೇ ಹೇಳಿ ತರಗತಿ ಮುಗಿಸುತ್ತಾರೆ.

ಶುಕ್ರವಾರ ಪಾಠ ಸರಿಯಾಗಿ ಸಾಗುವುದಿಲ್ಲ. ಚನ್ನಕ್ಕನ ಕಣ್ಣು ಮೊಬೈಲಿನ ಮೇಲೆ. ಆರಕ್ಕೆ ಮಾಸ್ತರರು ಆಸ್ಪತ್ರೆಯಲ್ಲಿರಬೇಕು, ಏಳೂವರೆಗೆ ಆಪರೇಷನ್. ಹರಭಜನ್ ಕೌರ್ ಹಾಕಬೇಕಾದ ಎರಡು ಗುಂಡಿಗಳನ್ನು ಚನ್ನಕ್ಕ ಗಮನಿಸುವುದೇ ಇಲ್ಲ. ಏಳಕ್ಕೆ ಐದು ನಿಮಿಷವಿದ್ದಾಗ ಫೋನು ಬಡಿದುಕೊಳ್ಳುತ್ತದೆ. ಮಾತಾಡುತ್ತಿರುವವನು ಅಭಿನಂದನ್, ಸಿಟ್ಟಿನಲ್ಲಿದ್ದಾನೆ.

"ಆಂಟಿ, ಅಪ್ಪಂಗೆ ಏನ್ ಹೇಳ್ಕೊಟ್ಟಿದೀರ ನೀವು? ನಾನ್ ಹೊರಗಡೇನೇ ಕೂತಿದ್ದೆ, ಇವ್ರು ಇಂಟರ್‌ಪ್ರಿಟರ್ ಬೇಕು ಅಂತ ಹಠ ಮಾಡಿದಾರೆ. ಈಗ ಆಪರೇಷನ್ ಮಧ್ಯಾಹ್ನಕ್ಕೆ ಪೋಸ್ಟ್‌ಪೋನ್ ಆಯ್ತು. ಆರು ಗಂಟೆ ಲೇಟು! ಅರ್ಧ ದಿನ ಲೀವ್ ಹಾಕಿದ್ದೆ, ಈಗ ಇಡೀ ದಿನ ವೇಸ್ಟು."

ಚನ್ನಕ್ಕ ಮೆಲ್ಲಗೆ ಕುರ್ಚಿಯಲ್ಲಿ ಕೂರುತ್ತಾರೆ. "ಯಾಕ ತಡ ಆತಪ್ಪಾ?" ಎಂದು ಕೇಳುತ್ತಾರೆ.

ಅಷ್ಟರಲ್ಲಿ ಫೋನು ತಂದೆಯ ಕೈಗೆ ಹೋಗಿರಬೇಕು. "ಚನ್ನಕ್ಕಾರ, ನಾನ್ರಿ," ಎನ್ನುತ್ತಾರೆ ಸಿದ್ದಲಿಂಗಪ್ಪ. "ಆ ನರ್ಸಮ್ಮ ಗಡಗಡ ಕೇಳಿದಳು. ಯೆಸ್ ಅನ್ನೂದು ತುಟಿ ತನಕ ಬಂದಿತ್ರಿ. ಜೇಬಿನ್ಯಾಗ ಗುಂಡಿ ಕೈಗೆ ಹತ್ತಿತು. ಗಟ್ಟಿ ಹಿಡಕೊಂಡು ಅಂದೇ ಬಿಟ್ಟೆ, ಐ ಡೋಂಟ್ ಅಂಡರ್‌ಸ್ಟ್ಯಾಂಡ್. ಎರಡು ಸಲ ಅಂದೆ. ಆಮ್ಯಾಲ ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್ ಅಂದೆ. ಫೋನಿನ್ಯಾಗ ಒಬ್ಬಾಕಿ ಹೆಣ್ಣುಮಗಳು ಬಂದು ಚೊಲೋ ಕನ್ನಡದಾಗ ಕೇಳಿದಳು, ರಾತ್ರಿ ಹನ್ನೆರಡರ ಮ್ಯಾಲೆ ಏನರ ತಗೊಂಡೀರೇನ್ರಿ ಅಂತ. ಏನೂ ಇಲ್ಲವ್ವಾ ಅಂದೆ. ಹಂಗ ಅನ್ನೂದರಾಗ ನಿಮ್ಮ ಮೊಸರು ನೆನಪಾತ್ರಿ. ನಸುಕಿನ್ಯಾಗ ಲಿಂಗಪೂಜಿ ಮಾಡಿ ನೈವೇದ್ಯದ ಹಾಲು ಒಂದು ಲೋಟ ಕುಡಿದಿದ್ನಿ. ಅದು ಪ್ರಸಾದ ಅಲ್ರಿ? ಊಟ ಅಂತ ನನಗೂ ಅನಿಸಿದ್ದಿಲ್ಲ. ಅದನ್ನೂ ಹೇಳಿಬಿಟ್ಟೆ, ಹಾಲು ಕರಗೂತನಕ ಆರು ತಾಸು ಕಾಯಬೇಕಂದ್ರು."

ಗ್ಯಾರೇಜಿನಲ್ಲಿ ಕನ್ನಡ ಬರುವವರೆಲ್ಲ ಒಮ್ಮೆಲೇ ಉಸಿರು ಬಿಡುತ್ತಾರೆ. ಬಾರದವರಿಗೆ ಈರಯ್ಯ ಲೋಟ ಎತ್ತಿ ಕುಡಿದಂತೆ ಮಾಡಿ, ಎದೆ ಮುಟ್ಟಿಕೊಂಡು, ಬೇಡ ಬೇಡ ಎಂದು ಕೈಯಾಡಿಸುತ್ತಾರೆ. ನಾದಿಯಾ ಎದ್ದು ಬಂದು ಚನ್ನಕ್ಕನನ್ನು ಬಾಚಿ ತಬ್ಬಿಕೊಳ್ಳುತ್ತಾರೆ. ಮೊಮ್ಮಕ್ಕಳು ಎದ್ದಿರಬಹುದು, ಮನೆಗಳಲ್ಲಿ ಹುಡುಕುತ್ತಿರಬಹುದು, ಆದರೂ ಯಾರೂ ಹೊರಡುವುದಿಲ್ಲ; ಚಹಾದ ಸಕ್ಕರೆ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬ ಮುದುಕನ ಆಪರೇಷನ್ ಆರು ತಾಸು ತಡವಾದದ್ದಕ್ಕೆ ಇಷ್ಟು ಜನ ಕಣ್ಣೊರೆಸಿಕೊಂಡು ಸಕ್ಕರೆ ಹಂಚಿದ ಜಾಗ ಈ ಖಂಡದಲ್ಲಿ ಇದೊಂದೇ ಇರಬೇಕು.

ಸಂಜೆ ಅಭಿನಂದನ್ ಮತ್ತೆ ಫೋನ್ ಮಾಡುತ್ತಾನೆ. ಆಪರೇಷನ್ ಚೆನ್ನಾಗಿ ಆಗಿದೆ, ಅಪ್ಪ ಎಚ್ಚರವಾಗಿದ್ದಾರೆ. ಅರಿವಳಿಕೆಯ ವೈದ್ಯರು ಹಾಲಿನ ವಿಷಯ ಹೇಳಿದ್ದು ಒಳ್ಳೆಯದಾಯಿತು ಎಂದರಂತೆ. "ಸಾರಿ ಆಂಟಿ, ಬೆಳಿಗ್ಗೆ ಏನೇನೋ ಅಂದ್ಬಿಟ್ಟೆ," ಎನ್ನುತ್ತಾನೆ. ಚನ್ನಕ್ಕ, "ಇರ್ಲಿ ಬಿಡಪ್ಪಾ, ನೀ ಮೊದಲ ಊಟ ಮಾಡು," ಎಂದು ಫೋನಿಡುತ್ತಾರೆ.

ಇವರಿಗೆ ಯಾವ ಪ್ರಶಸ್ತಿಯೂ ಬಂದಿಲ್ಲ, ಬರಲಿ ಎಂಬ ಆಸೆಯೂ ಕಾಣುವುದಿಲ್ಲ. ಏನು ಬೇಕೆಂದು ಒತ್ತಾಯಿಸಿ ಕೇಳಿದರೆ, ಚಳಿಗಾಲಕ್ಕೆ ಗ್ಯಾರೇಜಿಗೊಂದು ಒಳ್ಳೆಯ ಹೀಟರ್ ಇದ್ದರೆ ನಾದಿಯಾ ಅವರ ಮೊಣಕಾಲಿಗೆ ಅನುಕೂಲ ಎನ್ನುತ್ತಾರೆ. ಎರಡು ಡಬ್ಬಿಗಳನ್ನೂ ಒಂದರೊಳಗೆ ಸುರಿದು ಮುಂದಿನ ಪಾಠಕ್ಕೆ ಸಿದ್ಧಮಾಡುತ್ತಿರುವಾಗ, ಇನ್ನೂರ ಹನ್ನೆರಡು ಮಂದಿಗೆ ಇಂಗ್ಲಿಷ್ ಕಲಿಸಿದವರು ನೀವು ಎಂದರೆ ತಲೆ ಅಲ್ಲಾಡಿಸುತ್ತಾರೆ.

"ಇಂಗ್ಲಿಷ್ ನನಗೂ ಪೂರ್ತಿ ಬರೂದಿಲ್ರಿ," ಎನ್ನುತ್ತಾರೆ ಚನ್ನಕ್ಕ. "ತಿಳೀಲಿಲ್ಲ ಅನ್ನೂದೊಂದು ಪೂರ್ತಿ ಬರ್ತೈತಿ."