ಅಜ್ಜಿಯ ಗೋಡೆಗೆ ಬಳಿದ ಗಿಳಿಹಸಿರು

ಮೊನ್ನೆ ಕಡೂರಿನಲ್ಲಿ ಮಗನ ಮನೆಗೆ ಬಣ್ಣ ಮಾಡಿಸುತ್ತಿದ್ದರು. ಹಳೆಯ ಸುಣ್ಣದ ಗೋಡೆಗೆ ನೀರು ಚಿಮುಕಿಸಿ ಕಬ್ಬಿಣದ ಪಟ್ಟಿಯಿಂದ ಕೆರೆದರೆ ಒಂದು ವಾಸನೆ ಏಳುತ್ತದೆ. ಹಸಿ ಸುಣ್ಣ, ಒಲೆಯ ಹೊಗೆ, ಕೊಳೆತ ಅಂಟು ಎಲ್ಲ ಬೆರೆತ ವಾಸನೆ. ಮೂವತ್ತು ವರ್ಷ ಅದೇ ವಾಸನೆಯಲ್ಲಿ ಅನ್ನ ದುಡಿದವನು ನಾನು. ಆದರೂ ಮೊನ್ನೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೊರಗೆ ಬಂದೆ. ಸೊಸೆ "ಧೂಳು ಆಗಲ್ವಾ ಮಾವ?" ಎಂದು ಕೇಳಿದಳು. ಹೂಂ ಎಂದೆ. ಇನ್ನೇನು ಹೇಳಲಿ...

ಎಪ್ಪತ್ತರ ದಶಕದಲ್ಲಿ ನಾನು ಅಜ್ಜಂಪುರದಲ್ಲಿ ಸೈಕಲ್ಲಿನ ಹಿಂದೆ ಸುಣ್ಣದ ಚೀಲ ಕಟ್ಟಿಕೊಂಡು ಮನೆಮನೆ ತಿರುಗುತ್ತಿದ್ದೆ. ಎಂಬತ್ತರ ಹೊತ್ತಿಗೆ ಸ್ಟೇಷನ್ ರಸ್ತೆಯಲ್ಲಿ ಸಣ್ಣದೊಂದು ಬಣ್ಣದ ಅಂಗಡಿ ಇಟ್ಟೆ. ಬೆನ್ನಿಗೆ ಯಾರೂ ಇರಲಿಲ್ಲ, ಬಾಯಿ ಇತ್ತು, ಅಷ್ಟೇ. ಅದು ಮನೆಗಳ ಒಳಗು ಬದಲಾಗುತ್ತಿದ್ದ ಕಾಲ. ಸುಣ್ಣದ ಜಾಗಕ್ಕೆ ಡಿಸ್ಟೆಂಪರ್, ಸಗಣಿ ಸಾರಿಸಿದ ನೆಲಕ್ಕೆ ರೆಡ್ ಆಕ್ಸೈಡ್, ಬಾಗಿಲಿಗೆ ಹೂವಿನ ಕರ್ಟನ್ನು. ಮಾಲನ್ನು ತರೀಕೆರೆಯ ಸಗಟು ಅಂಗಡಿಗಳಿಂದ ತರುತ್ತಿದ್ದೆ. ಈಗಲೂ ಹೇಳುತ್ತೇನೆ, ಬಣ್ಣ ಕೊಳ್ಳುವುದಾದರೆ ದೀಪಾವಳಿ ಕಳೆದ ಮೇಲೆ ಕೊಳ್ಳಿ. ನೆಗ್ಗಿದ ಡಬ್ಬವನ್ನೇ ಕೇಳಿ ಪಡೆಯಿರಿ. ಡಬ್ಬ ನೆಗ್ಗಿದರೆ ಒಳಗಿನ ಬಣ್ಣವೇನೂ ನೆಗ್ಗುವುದಿಲ್ಲ. ಅಂಗಡಿಯವನು 'ಇದೇ ಕೊನೇ ಮಾತು' ಎಂದ ಮೇಲೆ ಬಾಗಿಲ ಕಡೆ ಎರಡು ಹೆಜ್ಜೆ ನಡೆದು ನೋಡಿ, ಅದರ ಹಿಂದೆ ಇನ್ನೊಂದು ಮಾತು ಇದ್ದೇ ಇರುತ್ತದೆ.

ನಮ್ಮ ಹಿಂದಿನ ಬೀದಿಯಲ್ಲಿ ಸೂಲಗಿತ್ತಿ ಅಜ್ಜಿ ಇದ್ದಳು. ಮಣ್ಣಿನ ಗೋಡೆಯ ಒಂದೇ ಅಂಕಣದ ಮನೆ. ಆ ಸುತ್ತಿನ ನಾಲ್ಕು ಬೀದಿಯಲ್ಲಿ ಅವಳ ಕೈಗೆ ಬೀಳದೆ ನೆಲಕ್ಕೆ ಬಂದವರು ಕಡಿಮೆ. ನಾನೂ ಅವಳ ಕೈಗೇ ಬಿದ್ದವನು. ಅಂಗಡಿಯ ಮುಂದೆ ಹೋಗುವಾಗೆಲ್ಲ ನಿಂತು, ಗಿರಾಕಿಗಳಿಗೆ ಕೇಳುವ ಹಾಗೆ ಹೇಳುತ್ತಿದ್ದಳು: "ಎಲ್ರದ್ದೂ ತಲೆ ಮುಂದ್ ಬತ್ತದೆ, ಇವುಂದು ಕೈ ಬಂತು ಕಣ್ರಪ್ಪಾ. ಹೊಟ್ಟೇಲಿದ್ದಾಗ್ಲೇ ಚೌಕಾಸಿಗೆ ಕೈ ಚಾಚಿದ್ದ. ಹುಷಾರಾಗಿ ಯಾಪಾರ ಮಾಡ್ರಿ!"

ನಮಗೆ ಮಗ ಹುಟ್ಟಿದ್ದು ಮದುವೆಯಾಗಿ ಏಳು ವರ್ಷಕ್ಕೆ. ಅದಕ್ಕೂ ಮುಂಚೆ ಒಂದು ಹೆರಿಗೆ ಆಗಿತ್ತು. ಆ ದಿನ ನಾನು ಸುಣ್ಣ ತರಲು ಕಡೂರಿಗೆ ಹೋಗಿದ್ದೆ. ಸಂಜೆ ಬಂದಾಗ ಅವ್ವ ಹೊಸ್ತಿಲಲ್ಲೇ ನಿಂತು "ದಕ್ಕಲಿಲ್ಲ ಕಣಪ್ಪಾ" ಎಂದಳು. ನಮ್ಮ ಕಡೆ ವ್ಯಾಪಾರ ಕೈತಪ್ಪಿದರೂ ದಕ್ಕಲಿಲ್ಲ ಅಂತಲೇ ಅನ್ನುವುದು. ಹೆರಿಗೆಯ ಕೋಣೆಗೆ ಗಂಡಸರು ಹೋಗುವ ಪದ್ಧತಿ ಇರಲಿಲ್ಲ. ಮಣ್ಣು ಮಾಡುವುದನ್ನೂ ಹೆಂಗಸರೇ ಮುಗಿಸಿದ್ದರು. ನಾನು ಏನನ್ನೂ ಕೇಳಲಿಲ್ಲ. ಕೇಳಿದರೆ ಹೆಂಡತಿಗೆ ಇನ್ನೂ ನೋವಾದೀತು ಅಂದುಕೊಂಡೆನೋ, ನನಗೇ ಆದೀತು ಅಂದುಕೊಂಡೆನೋ... ಮಾರನೆಯ ದಿನ ಸೈಕಲ್ಲು ಹತ್ತಿದೆ.

ಆದ್ದರಿಂದ ಮಗ ಕ್ಷೇಮವಾಗಿ ಹುಟ್ಟಿದಾಗ ನನ್ನ ಸಂತೋಷಕ್ಕೆ ಮಿತಿ ಇರಲಿಲ್ಲ. ಅಜ್ಜಿಗೆ ರೇಷ್ಮೆ ಸೀರೆ ತಂದೆ. ಅವಳು ಮುಟ್ಟಲಿಲ್ಲ. ಮೊರದ ತುಂಬ ಅಕ್ಕಿ, ಒಂದು ತೆಂಗಿನಕಾಯಿ, ಎಲೆಯಡಿಕೆ, ಅಷ್ಟನ್ನೇ ಎತ್ತಿಕೊಂಡು ಹೋದಳು. ಯಾರ ಹಂಗನ್ನೂ ಇಟ್ಟುಕೊಳ್ಳುವ ಮನುಷ್ಯನಲ್ಲ ನಾನು. ಅದೇ ತಿಂಗಳು ಅವಳ ಮನೆಗೆ ಒಂದು ಬಲ್ಬಿನ ಕರೆಂಟು ಬಂದಿತ್ತು. ಆ ಬೆಳಕಿನಲ್ಲಿ ಒಳಗು ನೋಡಿದರೆ ಮಸಿ, ಜೇಡರ ಬಲೆ, ಅರ್ಧ ಉದುರಿದ ಸುಣ್ಣ. ಆಗ ಹೊಳೆಯಿತು. ಸೀರೆ ಬೇಡವೆಂದರೆ ಮನೆಯನ್ನೇ ಹೊಸದು ಮಾಡಿ ಕೊಡೋಣ! ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಅವಳ ಮನೆಗೆ ಬಂದುಹೋಗದ ಹೆಂಗಸು ಆ ಊರಿನಲ್ಲಿ ಇರಲಿಲ್ಲ. ಅಲ್ಲಿ ಡಿಸ್ಟೆಂಪರ್ ಹೊಡೆದರೆ ನನ್ನ ಅಂಗಡಿಗೆ ಬೇರೆ ಬೋರ್ಡು ಬೇಕಿರಲಿಲ್ಲ.

ಅಜ್ಜಿ ಮೊಮ್ಮಗಳ ಬಾಣಂತನಕ್ಕೆ ಯಗಟಿಗೆ ಹೋದಳು. ಹೆಂಡತಿ ಮಗುವಿನೊಂದಿಗೆ ಪಂಚನಹಳ್ಳಿಯ ತವರಿನಲ್ಲಿದ್ದಳು. ಬೀಗದ ಕೈ ಪಕ್ಕದ ಮನೆಯಲ್ಲಿತ್ತು. ಬಣ್ಣದ ಆಳೊಬ್ಬನನ್ನು ಕರೆದುಕೊಂಡು ಒಳಗೆ ಹೊಕ್ಕೆ. ಸಾಮಾನನ್ನೆಲ್ಲ ಹೊರಗಿಟ್ಟ ಮೇಲೆ, ಬಾಗಿಲ ಹಿಂದಿನ ಗೋಡೆಯ ತುಂಬ, ದೀಪದ ಗೂಡಿನ ಸುತ್ತ, ಸಾಲುಸಾಲು ಬೊಟ್ಟುಗಳು ಕಂಡವು. ಕೆಮ್ಮಣ್ಣಿನವು ಬಹಳ, ನಡುನಡುವೆ ಸುಣ್ಣದವು.

ಆಳು ಕೈ ತಡೆದ. "ಅಣ್ಣಾ, ಇದ್ಯಾಕೋ ಬೇಕಂತ ಇಟ್ಟಂಗೈತಲ್ಲ. ಕೆರೀಲಾ?"

"ಹಾಲಿನ ಲೆಕ್ಕ ಕಣೋ," ಎಂದೆ. ನಮ್ಮ ಕಡೆ ವರ್ತನೆ ಹಾಲು ಹಾಕುವವರು ದಿನಕ್ಕೊಂದು ಬೊಟ್ಟು ಗೋಡೆಗೆ ಇಡುತ್ತಿದ್ದರು, ತಿಂಗಳಿಗೊಮ್ಮೆ ಎಣಿಸುತ್ತಿದ್ದರು. ಅಜ್ಜಿಗೂ ಹಿಂದೆ ಒಂದು ಎಮ್ಮೆ ಇತ್ತು. "ಎಮ್ಮೆ ಸತ್ತು ಯಾವ ಕಾಲ ಆಯ್ತು. ಕೆರಿ, ಕೆರಿ."

ಅವನು ಮೇಲೆಮೇಲೆ ಸವರಿದ. ನನಗೆ ತಡೆಯಲಾಗಲಿಲ್ಲ. ಬಣ್ಣದ ಆಯಸ್ಸು ಇರುವುದು ಕೆರೆತದಲ್ಲಿ. ಹಳೆಯದು ಬೇರುಸಹಿತ ಹೋಗದಿದ್ದರೆ ಹೊಸದು ಹಿಡಿಯುವುದಿಲ್ಲ. ಪಟ್ಟಿ ಕಿತ್ತುಕೊಂಡು ನಾನೇ ಕೆರೆದೆ. ಕೆಮ್ಮಣ್ಣು ಪುಡಿಯಾಗಿ ಉದುರಿತು. ಸುಣ್ಣದ ಬೊಟ್ಟುಗಳು ಗಟ್ಟಿ, ಒಂದೊಂದನ್ನೂ ಎರಡೆರಡು ಸಲ ಒತ್ತಿ ಎಬ್ಬಿಸಬೇಕಾಯಿತು. ನಾಲ್ಕು ದಿನದಲ್ಲಿ ಗೋಡೆಗೆ ಗಿಳಿಹಸಿರು, ನೆಲಕ್ಕೆ ಕೆಂಪು, ಗೂಡಿಗೆ ಬಿಳಿಯ ಅಂಚು, ಕಿಟಕಿಗೆ ಕರ್ಟನ್ನು. ಬಲ್ಬು ಹಾಕಿದರೆ ಒಳಗು ಹೊಳೆಯುತ್ತಿತ್ತು. ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಬಂದ ಕೆಲಸ ಇನ್ನೊಂದಿಲ್ಲ.

ಅಜ್ಜಿ ಯಗಟಿಯ ಬಸ್ಸಿಳಿದು ಬರುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ನಾನು ಮದುವೆ ಗಂಡಿನಂತೆ ಮುಂದೆ ನಿಂತಿದ್ದೆ. ಒಳಗೆ ಬಂದವಳು ನೆಲ ನೋಡಲಿಲ್ಲ, ಕರ್ಟನ್ ನೋಡಲಿಲ್ಲ. ನೇರ ಬಾಗಿಲ ಹಿಂದಕ್ಕೆ ಹೋದಳು. ಗೋಡೆಯ ಮೇಲೆ ಅಂಗೈ ಇಟ್ಟು ಆ ಕಡೆಯಿಂದ ಈ ಕಡೆಗೆ ಸವರಿದಳು. ಕಣ್ಣಿಗೆ ಕಾಣದ್ದು ಕೈಗಾದರೂ ಸಿಕ್ಕೀತು ಅನ್ನುವ ಹಾಗೆ.

"ಎಲ್ಲೋದೋ ಕಣಪ್ಪಾ?"

"ಏನಜ್ಜೀ?"

"ಮಕ್ಳು."

ಬಾಗಿಲಲ್ಲಿದ್ದ ಒಬ್ಬಾಕೆ "ಅಯ್ಯೋ ಶಿವನೇ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಇನ್ನೂ ಅರ್ಥವಾಗಿರಲಿಲ್ಲ. ಹಾಲಿನ ಲೆಕ್ಕ ಅಂದುಕೊಂಡೆ ಎಂದು ತೊದಲಿದೆ. ಪಕ್ಕದ ಮನೆಯಾಕೆ ನನ್ನ ಮುಖ ನೋಡದೆ ಹೇಳಿದಳು: ಅಜ್ಜಿ ಕೈಯಲ್ಲಿ ಹುಟ್ಟಿದ ಒಂದೊಂದು ಮಗುವಿಗೂ ಒಂದೊಂದು ಬೊಟ್ಟು. ಬದುಕಿದ್ದಕ್ಕೆ ಕೆಂಪು. ದಕ್ಕದ್ದಕ್ಕೆ ಬಿಳಿ.

ಆದರೂ ವ್ಯಾಪಾರದ ಬಾಯಿ ಸುಮ್ಮನಿರಲಿಲ್ಲ. "ಅಜ್ಜೀ, ನೀನು ಹೇಳ್ತಾ ಹೋಗು, ಆಯಿಲ್ ಪೇಂಟಲ್ಲೇ ಇಡಿಸ್ತೀನಿ. ನೂರು ವರ್ಷ ಅಳ್ಸಲ್ಲ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇರೋರು ಬಿಡು, ಕಣ್ ಮುಂದೆ ಓಡಾಡ್ತವ್ರೆ. ನಿನ್ನೂ ಸೇರಿಸ್ಕೊಂಡು. ಹೋದೋವ್ನ ಎಲ್ಲಿ ಅಂತ ನೋಡ್ಲಿ? ಅವುಕ್ಕೆ ಹೆಸ್ರಿಲ್ಲ, ಮಣ್ ಮಾಡಿದ್ ಗುಡ್ಡೆ ಇಲ್ಲ. ಇದೊಂದ್ ಗೋಡೆ ಇತ್ತು."

ವಾರದ ಮೇಲೆ ಹೆಂಡತಿ ತವರಿನಿಂದ ಬಂದಳು. ಮಗುವನ್ನು ಸೂಲಗಿತ್ತಿಯ ಮಡಿಲಿಗೆ ಹಾಕಿ ಬರುವುದು ಪದ್ಧತಿ. ಹೋದಳು, ಬಂದಳು. ಮಗುವನ್ನು ತೊಟ್ಟಿಲಿಗೆ ಹಾಕಿದಳು. ನಾನು ಊಟಕ್ಕೆ ಕೂತಿದ್ದೆ.

"ಯಾರ್ರೀ ಆ ಗೋಡೆ ಕೆರ್ದಿದ್ದು?"

"ಆಳು," ಎಂದೆ. ಅನ್ನದ ಮುಂದೆ ಕೂತು ಸುಳ್ಳು ಹೇಳಲಾಗಲಿಲ್ಲ. "ನಾನೇ."

"ಗೂಡಿನ ಕೆಳಗೆ ಮೂರನೇ ಸಾಲು. ಕೊನೇ ಬಿಳೀ ಬೊಟ್ಟು. ನಮ್ದು."

ತುತ್ತು ಕೈಯಲ್ಲೇ ಉಳಿಯಿತು. ಅವಳು ಮಜ್ಜಿಗೆ ಕೊಡುವ ನೆಪದಲ್ಲಿ, ಉಪ್ಪು ಕೇಳುವ ನೆಪದಲ್ಲಿ ಆರು ವರ್ಷ ಆ ಮನೆಗೆ ಹೋಗಿಬರುತ್ತಿದ್ದಳು. ಇಬ್ಬರೂ ಹರಟೆ ಹೊಡೆಯುತ್ತಾರೆ ಎಂದುಕೊಂಡಿದ್ದೆ ನಾನು.

"ನಂಗೊಂದ್ ಮಾತು ಹೇಳಬಾರದಿತ್ತಾ?"

"ನೀವು ಕೇಳಿದ್ರಾ? ಗಂಡೋ ಹೆಣ್ಣೋ ಅಂತ ಇವತ್ತಿನ ತನಕ ಕೇಳಿದ್ರಾ?" ಅವಳ ದನಿ ಏರಲಿಲ್ಲ. "ಹೆಣ್ಣು ಕಣ್ರೀ. ತಲೆ ತುಂಬಾ ಕೂದ್ಲಿತ್ತು."

ಊರಿನವರ ಮನೆಯ ಅಳತೆ ಬಾಯಿಪಾಠ ಇದ್ದವನು ನಾನು. ಯಾರ ಜಂತಿಗೆ ಗೆದ್ದಲು, ಯಾರ ಗೋಡೆಗೆ ತೇವ, ಎಲ್ಲ ಗೊತ್ತು. ನನಗೊಬ್ಬ ಮಗಳು ಹುಟ್ಟಿದ್ದಳು ಎಂಬುದು ಗೊತ್ತಾದದ್ದು ಅವಳ ಗುರುತನ್ನು ನನ್ನ ಕೈಯಾರೆ ಕೆರೆದು ಹಾಕಿದ ಮೇಲೆ...

ಆಮೇಲೆ ನಡೆದದ್ದು ಇನ್ನೂ ದೊಡ್ಡ ಆಘಾತ. ಯಾರು ಯಾರಿಗೆ ಹೇಳಿದರೋ ತಿಳಿಯದು, ಮಧ್ಯಾಹ್ನದ ಹೊತ್ತು ಹೆಂಗಸರು ಒಬ್ಬೊಬ್ಬರೇ ಅಜ್ಜಿಯ ಮನೆಗೆ ಬರತೊಡಗಿದರು. ಎಲೆಗೆ ಹಚ್ಚುವ ಸುಣ್ಣದಲ್ಲಿ ಬೆರಳದ್ದಿ ತಮ್ಮದನ್ನು ತಾವೇ ಇಟ್ಟು ಹೋದರು. ಯಾರ ಬೊಟ್ಟು ಎಲ್ಲಿತ್ತೆಂದು ಅಜ್ಜಿ ನೆನಪಿಟ್ಟುಕೊಳ್ಳಬೇಕಾಗಿಯೇ ಇರಲಿಲ್ಲ. ದಿನಾ ನಮ್ಮಂಥ ಗಂಡಸರಿಗೆ ಮುದ್ದೆ ಬಡಿಸುತ್ತಿದ್ದವರು, ಸಂತೆಯಲ್ಲಿ ನನ್ನೊಂದಿಗೆ ಜಗಳವಾಡುತ್ತಿದ್ದವರು, ಹಲ್ಲಿಲ್ಲದ ಮುದುಕಿಯರು, ಇಲ್ಲಿಗೆ ಸೊಸೆಯಾಗಿ ಬಂದು ತವರೂರಿನಲ್ಲಿ ಹೆತ್ತವರು. ನಾನು ಒಂದು ದಿನ ಇಣುಕಿ ನೋಡಿದೆ. ನಾನು ಕೆರೆದದ್ದಕ್ಕಿಂತ ಎಷ್ಟೋ ಹೆಚ್ಚು ಬಿಳಿ ಬೊಟ್ಟುಗಳು ಗಿಳಿಹಸಿರಿನ ಮೇಲೆ ತುಂಬಿದ್ದವು. ಇಷ್ಟು ಜನರ ಮನೆಗೆ ಹೋಗಿ ಬಣ್ಣ ಹೊಡೆದಿದ್ದೇನೆ, ಒಂದು ಮನೆಯಲ್ಲೂ ಒಂದು ಸುಳಿವೂ ಸಿಕ್ಕಿರಲಿಲ್ಲ.

ಮೂರನೇ ಸಾಲಿನ ಕೊನೆಯ ಜಾಗ ಮಾತ್ರ ಖಾಲಿ ಇತ್ತು.

"ನೀನು ಇಟ್ಟಿಲ್ವಾ?" ಎಂದು ಹೆಂಡತಿಯನ್ನು ಕೇಳಿದೆ.

"ಕೆರ್ದೋರು ಇಡ್ಲಿ."

ಹೋದೆ. ಅಜ್ಜಿ ಸುಣ್ಣದ ಡಬ್ಬಿ ಮುಂದಿಟ್ಟಳು. ಬೆರಳದ್ದಿ ಒತ್ತಿದೆ. ಅಷ್ಟೇ. ಆದರೆ ಅಲ್ಲಿ ನಿಂತಾಗ ನನಗೆ ಗೊತ್ತಿದ್ದ ಒಂದು ಸಂಗತಿ ಅಷ್ಟೂ ಹೆಂಗಸರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಿಸ್ಟೆಂಪರಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಒಂದು ಬೇಸಿಗೆ, ಹೆಚ್ಚೆಂದರೆ ಎರಡು. ಆಮೇಲೆ ಹೊಪ್ಪಳಿಕೆಯಾಗಿ ಉದುರುತ್ತದೆ. ಕೇಳದಿದ್ದವರಿಗೂ ಬುದ್ಧಿ ಹೇಳುವವನು ನಾನು. ಅದೊಂದನ್ನು ಯಾರಿಗೂ ಹೇಳಲಿಲ್ಲ.

ಅವು ಉದುರಿದವು. ಉದುರಿದ ಹಾಗೆ ಹೆಂಗಸರು ಬಂದು ಮತ್ತೆ ಇಟ್ಟರು. ನಾನೂ ಎರಡು ಸಲ ಹೋಗಿ ಇಟ್ಟೆ. ಮೂರನೆಯ ಸಲಕ್ಕೆ ಅಜ್ಜಿ ಇರಲಿಲ್ಲ. ಯಗಟಿಯ ನೆಂಟರು ಜಾಗ ಮಾರಿದರು. ಕೊಂಡವರು ಗೋಡೆ ಬೀಳಿಸುವ ದಿನ ನಾನು ಮಾಲಿನ ನೆಪ ಹೇಳಿ ತರೀಕೆರೆಗೆ ಹೋಗಿಬಿಟ್ಟೆ.

ಮನೆಯ ಒಳಗನ್ನು ಹೊಸದು ಮಾಡಿಸುವವರಿಗೆ ನನ್ನದು ಒಂದೇ ಮಾತು. ಬಣ್ಣ ಯಾವುದಾದರೂ ಇರಲಿ, ಗೋಡೆ ಕೆರೆಯುವ ಮುಂಚೆ ಆ ಮನೆಯ ಹೆಂಗಸನ್ನು ಕೇಳಿ. ಅವಳು ಊರಲ್ಲಿಲ್ಲದಿದ್ದರೆ ಬರುವ ತನಕ ಕಾಯಿರಿ.

ಅಜ್ಜಿಯ ಮನೆ ಇದ್ದ ಜಾಗದಲ್ಲಿ ಈಗ ಬಳೆ ಅಂಗಡಿ ಇದೆ. ಮಗನ ಮನೆಯಿಂದ ಅಜ್ಜಂಪುರಕ್ಕೆ ಹೋದಾಗೆಲ್ಲ ನನ್ನ ಹೆಂಡತಿ ಅಲ್ಲೇ ಬಳೆ ತೊಡಿಸಿಕೊಳ್ಳುತ್ತಾಳೆ. ಎರಡು ಅಂಗಡಿ ಆಚೆ ಅದೇ ಬಳೆ ಕಡಿಮೆಗೆ ಸಿಗುತ್ತದೆ, ಅದು ಅವಳಿಗೂ ಗೊತ್ತು. ಕಳೆದ ತಿಂಗಳು ಹೋದಾಗ ಅವಳು ಒಳಗೆ ಬಹಳ ಹೊತ್ತು ಕೂತಿದ್ದಳು. ನಾನು ರಸ್ತೆಯಲ್ಲೇ ನಿಂತಿದ್ದೆ. ಹೊರಗೆ ಬಂದವಳ ಕೈಯಲ್ಲಿ ತನ್ನ ಬಳೆಗಳ ಜೊತೆ ಕಾಗದದಲ್ಲಿ ಸುತ್ತಿದ ಇನ್ನೊಂದು ಜೊತೆ ಇತ್ತು. ತೀರಾ ಚಿಕ್ಕವು, ಎಳೆಗೂಸಿನ ಕೈಗೆ ಆಗುವಂಥವು. ಮನೆಯಲ್ಲಿ ಈಗ ಅಷ್ಟು ಚಿಕ್ಕವರು ಯಾರೂ ಇಲ್ಲ. ಯಾರಿಗೆ ಎಂದು ಕೇಳಲಿಲ್ಲ. ಈ ಸಲ ಕೇಳಬೇಕಾಗಿರಲಿಲ್ಲ...