ಕ್ವೇಸಾರಿನ ಮನೆ

ಮೊನ್ನೆ ಉಗಾರ ಖುರ್ದದಲ್ಲಿ ಬಸ್ಸಿನ ಬಾಗಿಲು ತೆರೆದದ್ದೇ ತಡ, ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಒಳಗೆ ನುಗ್ಗಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ನಮ್ಮ ವಿಜ್ಞಾನದ ಮಾಸ್ತರು ನೆನಪಾದರು... ಕಾರ್ಖಾನೆಯ ಗೋಡೆಗೆ ಹತ್ತಿದ ಒಂದೇ ಕೋಣೆಯಲ್ಲಿ ಅವರ ವಾಸ. ಅವರ ಅಂಗಿಗೂ ಅದೇ ವಾಸನೆ.

ಒಂಟಿ ಜೀವ. ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ, ಆಮೇಲೆ ಮಾತಿಗೆ ಯಾರೂ ಇಲ್ಲ. ಅದಕ್ಕೇ ಶನಿವಾರ ಸಂಜೆ ವಾಚನಾಲಯದ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ಆಕಾಶದ ಸುದ್ದಿ ಹೇಳುತ್ತಿದ್ದರು. ಅವರ ಹುಚ್ಚೆಲ್ಲ ಕ್ವೇಸಾರ್‌ಗಳದು. ನೂರಾರು ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಉರಿಯುವ ಚುಕ್ಕೆಗಳು. ಪ್ರತಿಯೊಂದರ ಸುತ್ತಲೂ ಒಂದು ಗ್ಯಾಲಕ್ಸಿ ಇದ್ದೇ ಇರುತ್ತದೆ, ಬೆಳಕಿನ ಝಳಕ್ಕೆ ಕಾಣುವುದಿಲ್ಲ ಅಷ್ಟೇ ಎಂದು ಅವರ ವಾದ.

"ಕಬ್ಬಿನ ಟ್ರ್ಯಾಕ್ಟರ್ ಎದುರಿಗೆ ಬಂದ್ರ ಲೈಟಷ್ಟ ಕಾಣ್ತೈತಿ. ಹಂಗಂತ ಹಿಂದ ಟ್ರಾಲಿ ಇಲ್ಲೇನು?" ಎನ್ನುತ್ತಿದ್ದರು. ನಾನು ಕೆಣಕಿದರೆ ಇನ್ನೊಂದು ಮಾತು: "ಕಾಣದ ಜೀವ ಅದಾವಂತ ನೀರು ಸೋಸಿ ಕುಡಿಯೋ ಮಂದಿ ನಾವು. ಕಾಣ್ಲಿಲ್ಲ ಅಂದ್ರ ಇಲ್ಲ ಅನ್ನಾಕ ಬರೂದಿಲ್ಲ, ತಂಗಿ."

ತೊಂಬತ್ತರ ದಶಕದ ನಡುವೆ ನಾನು ಮಿರಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ತಲೆಗೆ ಕೋಡು ಮೂಡಿದ್ದ ಕಾಲ. ಒಂದು ಶನಿವಾರ ಇಂಗ್ಲಿಷ್ ಪತ್ರಿಕೆ ಹಿಡಿದು ಕಟ್ಟೆಗೆ ಬಂದೆ. ಬಾಹ್ಯಾಕಾಶದ ದೂರದರ್ಶಕಕ್ಕೆ ಕೆಲವು ಕ್ವೇಸಾರ್‌ಗಳ ಸುತ್ತ ಗ್ಯಾಲಕ್ಸಿಯೇ ಕಂಡಿಲ್ಲ ಎಂದು ಅದರಲ್ಲಿತ್ತು.

"ಮಾಸ್ತರ, ನಿಮ್ಮ ಕ್ವೇಸಾರಿಗೆ ಮನೀನ ಇಲ್ಲಂತ್ರಿ!" ಎಂದೆ, ಎಲ್ಲರೆದುರು.

"ಅದೂ ನಮ್ಮ ಮಾಸ್ತರಗತೆ ಒಂಟಿ ಗೂಳಿ ಅನ್ನು!" ಎಂದು ಯಾರೋ ಕೂಗಿದರು. ಕಟ್ಟೆಗೆ ಕಟ್ಟೆಯೇ ನಕ್ಕಿತು. ನಾನೂ ನಕ್ಕೆ, ಸುಡುಗಾಡು ಬುದ್ಧಿ.

ಅವರು ನನ್ನೊಬ್ಬಳನ್ನೇ ನೋಡಿದರು. "ಪೂರ್ತಿ ಓದಿದ್ಯೇನು, ತಂಗಿ?"

"ಹೌದ್ರಿ."

ಮುಂದಿನ ಶನಿವಾರ ಅವರು ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ಎರಡೋ ಮೂರೋ ವರ್ಷದ ಮೇಲೆ ಒಂದು ಮಾಸಿಕದಲ್ಲಿ ಓದಿದೆ: ಅದೇ ಚಿತ್ರಗಳಿಂದ ನಡುವಿನ ಝಳ ಕಳೆದು ಮತ್ತೆ ನೋಡಿದಾಗ ಮಂದ ಗ್ಯಾಲಕ್ಸಿಗಳು ಸಿಕ್ಕಿದ್ದವು. ಅಯ್ಯೋ, ಮಾಸ್ತರು ಗೆದ್ದಿದ್ದರು! ಓಡಿಹೋಗಿ ಹೇಳಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ? ಇವತ್ತು, ನಾಳೆ ಅನ್ನುತ್ತ ದ್ರಾಕ್ಷಿ ಸುಗ್ಗಿಯೂ ಮುಗಿಯಿತು...

ಕೊನೆಗೆ ಹೋದಾಗ ಆ ಕೋಣೆಯಲ್ಲಿ ಬೇರೆ ಸಂಸಾರ. "ಮಾಸ್ತರು ತೀರಿಕೊಂಡು ಎರಡು ತಿಂಗಳಾತ್ರಿ," ಎಂದಳು ಬಾಗಿಲಲ್ಲಿದ್ದ ಹೆಂಗಸು. "ಕೇಳಿಕೊಂಡು ಬಂದವರು ನೀವ ಮೊದಲು."

ಈಗ ನಾನೂ ಕಾಗವಾಡದಲ್ಲಿ ವಿಜ್ಞಾನ ಕಲಿಸುತ್ತೇನೆ. ಅವರು ಹೇಳಿದ್ದನ್ನೆಲ್ಲ ಮಕ್ಕಳಿಗೆ ಹೇಳುತ್ತೇನೆ. ಒಂದನ್ನು ಮಾತ್ರ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಗ್ಯಾಲಕ್ಸಿಗಳು ಇದ್ದರೂ ತೀರ ಮಂದವಾದ್ದರಿಂದ ಕಾಣದಿರಬಹುದು ಎಂದು ಆ ಇಂಗ್ಲಿಷ್ ಪತ್ರಿಕೆಯ ಸುದ್ದಿಯ ಕೊನೆಯ ಸಾಲಿನಲ್ಲೇ ಬರೆದಿತ್ತು. ನಾನು ಓದಿದ್ದೆ. ಮಂದಿ ನಗಲಿ ಎಂದು ಆ ಸಾಲು ಬಿಟ್ಟಿದ್ದೆ.