ಬೇಸ್‌ಮೆಂಟಿನಲ್ಲಿ ಸಿಕ್ಕ ಬಾಲ್ಯ

ನನಗೆ ಲಿಫ್ಟ್ ಕಂಡರೆ ಭಯ. ಬಾಲ್ಯದ್ದೇನೋ ಮರೆತಿದ್ದೀರಿ, ಹಿಪ್ನಾಸಿಸ್ ಮಾಡಿ ಹೊರಗೆ ತೆಗೆಯೋಣ ಎಂದಳು ಇಲ್ಲಿ ಅಮೆರಿಕಾದ ನೋವೈ ಊರಿನ ಥೆರಪಿಸ್ಟ್. ಕಣ್ಣು ಮುಚ್ಚಿಕೊಂಡು ಅವಳ ಕುರ್ಚಿಯಲ್ಲಿ ಒರಗಿದೆ.

"ಹಳೇ ಮನೆಯ ಬೇಸ್‌ಮೆಂಟಿಗೆ ಇಳಿಯಿರಿ. ಕತ್ತಲಿದೆಯಾ? ಬಾಗಿಲು ಹಾಕಿದ್ದು ಯಾರು?"

ಇಳಿದೇಬಿಟ್ಟೆ. ಮೂಲೆಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಗುರುಗುಡುತ್ತಿತ್ತು, ಪಕ್ಕದಲ್ಲಿ ಬಟ್ಟೆ ಡ್ರೈಯರ್. "ಅಪ್ಪ!" ಎಂದು ಗೊಳೋ ಎಂದು ಅತ್ತೆ. ಅವಳು ಟಿಶ್ಯೂ ಕೊಟ್ಟಳು.

ಪಾರ್ಕಿಂಗ್ ಲಾಟಿನಿಂದಲೇ ಗದಗಿಗೆ ಫೋನ್ ಹಚ್ಚಿ ರೇಗಿದೆ: "ಅಪ್ಪಾ, ಸಣ್ಣಾಂವ ಇದ್ದಾಗ ನನ್ನ ಬೇಸ್‌ಮೆಂಟಿನ್ಯಾಗ ಯಾಕ ಕೂಡಿ ಹಾಕಿದಿ?"

ಅಮೆರಿಕಾದಲ್ಲಿ ಬೇಸ್‌ಮೆಂಟ್ ಅಂದರೆ ನೆಲದಡಿಯ ಕೋಣೆ; ನಮ್ಮೂರಲ್ಲಿ ಮನೆಯ ಬುನಾದಿ.

"ಬುನಾದ್ಯಾಗ? ಅದನ್ನ ಕಲ್ಲು ಹಾಕಿ ಮುಚ್ಚೀವಲೇ! ಅಲ್ಲಿ ಹಾಕಿದ್ರ ನೀ ಅಮೆರಿಕಾಕ್ಕ ಹೆಂಗ ಹೋಗ್ತಿದ್ದಿ?"

ಆಗ ಹೊಳೆಯಿತು. ಗದಗಿನಲ್ಲಿ ಎಲ್ಲಿಯ ಫರ್ನೇಸು, ಎಲ್ಲಿಯ ಡ್ರೈಯರು? ನಾನು ಇಳಿದಿದ್ದು ಇಲ್ಲೇ ನೋವೈ ಹತ್ತಿರದ ಕ್ಯಾಂಟನ್ನಿನ ನನ್ನ ಈಗಿನ ಮನೆಯ ಬೇಸ್‌ಮೆಂಟಿಗೆ.

ಮುಂದಿನ ಸಲ ಹೋದಾಗ ಇದನ್ನೆಲ್ಲ ಹೇಳಿದೆ. ಥೆರಪಿಸ್ಟ್ ಜಗ್ಗಲಿಲ್ಲ. "ಅಪ್ಪಂದಿರು ಒಪ್ಪಿಕೊಳ್ಳೋದೇ ಇಲ್ಲ. ನಿಮ್ಮ ನೆನಪು ಇನ್ನೂ ಆಳದಲ್ಲಿದೆ, ಮತ್ತೆ ಇಳಿಯೋಣ," ಎಂದಳು.

ಬುನಾದಿಗಿಂತ ಆಳಕ್ಕೆ ನಮ್ಮೂರಲ್ಲಿ ಇಳಿಯುವುದು ಬೋರ್‌ವೆಲ್ ಒಂದೇ. ಅದಕ್ಕೂ ಸಿಗುವುದು ಬರೀ ಧೂಳು.